ಟಾಪಿನ ಎರಡು ತೂತು

ಅಕ್ಟೋಬರ್ ೫, ಶನಿವಾರ

ಬೆಳಿಗ್ಗೆ ಏಳರಿಂದ, ಟ್ರಕ್ಕಿನ ಬಣ್ಣ ಉಜ್ಜಿ ತೆಗೆಯಲು, ಸ್ಯಾಂಡರ್ ಹಿಡಿದೇ ಇದ್ದೆ. ನೀಲಿ ಬಣ್ಣ ಬಿಡಲೊಲ್ಲದು. ಪಕ್ಕದ ಮನೆಯ ಗಸ್ ಬಂದ, ಕಾಫಿ ಕುಡಿದ, ಉಪದೇಶ ಕೊಟ್ಟ, ಕೆಲಸ ಮಾತ್ರ ಮುಟ್ಟಲಿಲ್ಲ. ನಲವತ್ತು ವರ್ಷ ತಗಡಿನ ಕೆಲಸ ಮಾಡಿದವನು. ಹೇಳುವ ಹಕ್ಕಿದೆ, ಹೇಳಲಿ.

೪೮ನೇ ಇಸವಿಯ ಟ್ರಕ್. ಮಾವ ಹಾರ್ಲನ್ ಬಿಟ್ಟುಹೋದದ್ದು. ಅವರು ಹೋಗಿ ಹತ್ತು ವರ್ಷ, ಅಷ್ಟೂ ವರ್ಷ ನಮ್ಮ ಗ್ಯಾರೇಜಿನಲ್ಲಿ ಟಾರ್ಪಾಲಿನಡಿ ಬಿದ್ದಿತ್ತು. ಹಳೆ ಗಾಡಿ ಶೋಕಿಯವರು ಮಾಡುವ ಹಾಗೆ ಕ್ಯಾಬಿನ್ ಚಾವಣಿ, ಅಂದರೆ ಟಾಪ್, ಕತ್ತರಿಸಿ ಮೂರು ಇಂಚು ಇಳಿಸುತ್ತೇನೆಂದು ಹೆಂಡತಿಯನ್ನು ಎಷ್ಟು ಸಲ ಕೇಳಿದ್ದೇನೋ. ಮಾರ್ಲಿಸ್‌ಳದು ಒಂದೇ ಉತ್ತರ— “ಅಪ್ಪನ ಗಾಡಿಗೆ ಗರಗಸ ಹಾಕ್ತೀಯಾ?” ಕಳೆದ ತಿಂಗಳು, ಪಾತ್ರೆ ಒರೆಸುತ್ತಾ, ಯಾರೂ ಕೇಳದೆಯೇ— “ಹಾಕು. ತುಕ್ಕು ತಿನ್ನೋದಕ್ಕಿಂತ ನೀನು ಕತ್ತರಿಸೋದೇ ವಾಸಿ.” ಯಾಕೆ ಮನಸ್ಸು ಬದಲಾಯಿತು? ಕೇಳಲಿಲ್ಲ. ಕೇಳಿದರೆ ಮತ್ತೆ ಬದಲಾದೀತು.

ಮಧ್ಯಾಹ್ನ ಟಾಪಿನ ಹಿಂಭಾಗದಲ್ಲಿ, ಡ್ರೈವರ್ ತಲೆಯ ನೇರಕ್ಕೆ, ಎರಡು ಹಿತ್ತಾಳೆ ಚುಕ್ಕೆ ಕಾಣಿಸಿದವು. ತೂತು ಮುಚ್ಚಿ ಬೆಸುಗೆ ಹಾಕಿದ್ದು. ಎರಡರ ನಡುವೆ ಒಂದು ಗೇಣು. ಅಚ್ಚುಕಟ್ಟು ಕೆಲಸ.

ಗಸ್ ಕನ್ನಡಕ ಏರಿಸಿ ನೋಡಿದ. “ರೇಡಿಯೊ ಏರಿಯಲ್ ಇಟ್ಟಿರಬೇಕು ಕಣೋ.”

“ಎರಡು ಏರಿಯಲ್ಲಾ?”

“ನಿಮ್ಮ ಮಾವ ಎರಡು ಕಿವೀಲೂ ಕೇಳ್ತಿದ್ರೇನೋ.”

ಬಾಗಿಲ ಮೇಲೆ ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಅಕ್ಷರ. “ಓಡೆನ್‌ಬಾಕ್— ಬಾವಿ ಕೊರೆಯುವವರು”. ಯಾರು ಈ ಓಡೆನ್‌ಬಾಕ್? ಮಾರ್ಲಿಸ್‌ಗೂ ಗೊತ್ತಿಲ್ಲ. ಅಪ್ಪ ಯಾರೋ ವಿಧವೆಯ ಹತ್ತಿರ ಕೊಂಡದ್ದು ಎಂದಷ್ಟೇ ಗೊತ್ತು.

ಅಕ್ಟೋಬರ್ ೬

ಚರ್ಚಿಗೆ ಹೋಗಿ ಬಂದೆವು. ಅಕ್ಷರದ್ದೂ ಚುಕ್ಕೆಗಳದ್ದೂ ಫೋಟೊ ತೆಗೆದು, ಹಳೆ ಟ್ರಕ್‌ಗಳವರ ವೆಬ್‌ಸೈಟಿಗೆ ಹಾಕಿದೆ. “ಈ ತೂತು ಏತಕ್ಕೆ, ಗೊತ್ತಿದ್ದವರು ಹೇಳಿ.” ಕೆಳಗೆ ನನ್ನ ಹೆಸರು, ಊರು— ಸಲೈನಾ, ಕ್ಯಾನ್ಸಸ್.

ಅಕ್ಟೋಬರ್ ೧೨

ಬಂದ ಉತ್ತರಗಳೆಲ್ಲ ತಮಾಷೆ. ಒಬ್ಬ ಬರೆದದ್ದು— ಮರಕುಟಿಗ ಕೊರೆದದ್ದು. ಇನ್ನೊಬ್ಬ— ಹೆಂಡತಿ ಕೊರೆದದ್ದು.

ಕ್ಯಾಬಿನೊಳಗೆ ಅಡ್ಡಪಟ್ಟಿ ಬೆಸೆದೆ. ಇದಿಲ್ಲದಿದ್ದರೆ ಟಾಪ್ ತೆಗೆದ ಕೂಡಲೇ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ. ಟಾಪ್ ಹೊತ್ತ ನಾಲ್ಕು ಕಂಬಗಳಿಗೆ ಅಂಟುಟೇಪ್ ಸುತ್ತಿ ಗೆರೆ ಎಳೆದೆ. ಎಡಗಡೆ ಅಳೆದೆ, ಬಲಗಡೆ ಅಳೆದೆ— ಕಾಲಿಂಚು ವ್ಯತ್ಯಾಸ. ಮತ್ತೆ ಅಳೆದೆ. ಈಗ ಅರ್ಧ ಇಂಚು. ಅಳತೆ ಟೇಪು ಬಿಸಾಡಿ ಒಳಗೆ ಹೋದೆ.

ಅಕ್ಟೋಬರ್ ೧೯, ಶನಿವಾರ

ಕತ್ತರಿಸಿದೆ.

ಮೊದಲ ಕಂಬಕ್ಕೆ ಬ್ಲೇಡ್ ಇಟ್ಟೆ. ಮಾರ್ಲಿಸ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕಿವಿ ಮುಚ್ಚಿಕೊಂಡು. ಹನ್ನೊಂದಕ್ಕೆ ಮುಗಿಯಿತು. ನಾನು, ಗಸ್, ಮಾರ್ಲಿಸ್— ಮೂವರೂ ಸೇರಿ ಎತ್ತಿ, ಹಗ್ಗ ಹಾಕಿ ತೊಲೆಗೆ ತೂಗುಬಿಟ್ಟೆವು. ಕಂಬಗಳಿಂದ ಮೂರು ಮೂರು ಇಂಚು ತೆಗೆದು ಟಾಪ್ ಇಳಿಸಿ ನೋಡಿದರೆ— ಯಾವುದೂ ಕೂಡುವುದಿಲ್ಲ! ಹಿಂದೆ ಸರಿ ಮಾಡಿದರೆ ಮುಂದಿನ ಕಂಬ ಒಂದೂವರೆ ಇಂಚು ಆಚೆ. ಮುಂದೆ ಕೂಡಿಸಿದರೆ ಹಿಂದೆ ಬಾಯಿ ಬಿಡುತ್ತದೆ.

“ಕಂಬ ಓರೆ ಇದೆಯಲ್ಲಪ್ಪಾ,” ಎಂದ ಗಸ್. “ಓರೆ ಇರೋದನ್ನ ಮೋಟು ಮಾಡಿದ್ರೆ ಅದರ ತುದಿಯೂ ಜಾಗ ಬಿಡುತ್ತೆ. ಈಗ ಟಾಪನ್ನೇ ಅಡ್ಡಕ್ಕೆ ಸೀಳಿ ನಡುವೆ ತಗಡು ಸೇರಿಸಬೇಕು.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ದು ಕಾಫಿ ಬೇಕಾ ಅಂತ ಮಾತ್ರ.”

ಮತ್ತೆ ತೂಗುಬಿಟ್ಟೆವು.

ಅಕ್ಟೋಬರ್ ೨೨, ಮಂಗಳವಾರ, ಮಧ್ಯಾಹ್ನ

ವೆಬ್‌ಸೈಟಿನ ಮೂಲಕ ಒಂದು ಪತ್ರ. ನೆಬ್ರಾಸ್ಕಾದಿಂದ. ಮೂರು ಸಲ ಓದಿದೆ. ಇಲ್ಲಿ ಬರೆದಿಡುತ್ತೇನೆ, ಆಗಲಾದರೂ ಅರ್ಥವಾದೀತು.

“ನನ್ನ ತಂಗಿಯ ಮಗಳು ನಿಮ್ಮ ಫೋಟೊ ತೋರಿಸಿದಳು. ಬಾಗಿಲ ಮೇಲಿರುವುದು ನನ್ನ ತಂದೆಯ ಹೆಸರು. ಆ ತೂತುಗಳು ನಾನು ಮಾಡಿದ್ದು. ೧೯೬೬ರ ಮೇ ತಿಂಗಳು, ಅಪ್ಪ ತೀರಿಕೊಂಡ ಎರಡನೇ ವಾರ, ನನ್ನ ಗಂಡ ಆ ಟ್ರಕ್ ತೆಗೆದುಕೊಂಡು ಹೊರಟುಹೋದ. ಮಹಡಿಯ ಕಿಟಕಿಯಿಂದ ಅಪ್ಪನ ರೈಫಲ್‌ನಲ್ಲಿ ಮೂರು ಗುಂಡು ಹೊಡೆದೆ. ಎರಡು ಟಾಪಿಗೆ ಬಿದ್ದದ್ದು ಕಂಡೆ. ಮೂರನೆಯದಕ್ಕೆ ಹಿಂದಿನ ಗಾಜು ಒಡೆಯಿತು. ಗಾಡಿ ನಿಲ್ಲಲಿಲ್ಲ. ಆಮೇಲೆ ಅವನ ಸುದ್ದಿ ಇಲ್ಲ. ಹಾರ್ಲನ್ ಸ್ಟುಕಿ ಎಂಬ ಹೆಸರು ನಿಮಗೆ ಗೊತ್ತೇ? — ಆರ್ಡಿತ್ ಸ್ಟುಕಿ”

ಗೊತ್ತೇ! ಅವರ ಮಗಳನ್ನು ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು.

ಮಾರ್ಲಿಸ್ ಹುಟ್ಟಿದ್ದು ೬೯ರಲ್ಲಿ. ಅಪ್ಪ ಅಮ್ಮನ ಮದುವೆ ೬೭ರಲ್ಲಿ. ಈ ಹೆಂಗಸು ಇಂದಿಗೂ ಸ್ಟುಕಿ ಎಂದೇ ಸಹಿ ಮಾಡುತ್ತಾಳೆ. ಅಂದರೆ...

ಇನ್ನೊಂದು. ಮಾವನ ಕೊನೆಯ ಚಳಿಗಾಲದಲ್ಲಿ ಸ್ನಾನ ಮಾಡಿಸುತ್ತಿದ್ದವನು ನಾನು. ಎಡ ಹೆಗಲಿನ ಹಿಂದೆ ಒಂದು ಗಾಯದ ಕಲೆ. ದುಂಡಗೆ, ನಾಣ್ಯದಷ್ಟು, ನಡುವೆ ಗುಳಿ. “ಮುಳ್ಳುತಂತಿ ಕಿತ್ತದ್ದು” ಎಂದಿದ್ದರು. ಮುಳ್ಳುತಂತಿ ಗೀರುತ್ತದೆ, ಗುಳಿ ಮಾಡುವುದಿಲ್ಲ. ಆಗ ಇದು ಹೊಳೆಯಲೇ ಇಲ್ಲ.

ಅಕ್ಟೋಬರ್ ೩೦

ಎಂಟು ದಿನ. ಗ್ಯಾರೇಜಿಗೆ ಹೋಗುತ್ತೇನೆ, ತೂಗುತ್ತಿರುವ ಟಾಪ್ ನೋಡುತ್ತೇನೆ, ಬರುತ್ತೇನೆ. ಮಾರ್ಲಿಸ್‌ಗೆ ಹೇಳಿಲ್ಲ. ಬೆಳಿಗ್ಗೆ ತಿಂಡಿಗೆ ಕೂತಾಗ ಬಾಯಿ ತೆರೆಯುತ್ತೇನೆ— ಅವಳು ಮೊಟ್ಟೆ ಬಡಿಸುತ್ತಾಳೆ— ಮುಚ್ಚುತ್ತೇನೆ. ಹೇಳಿದರೆ ಅವಳ ಮನಸ್ಸಿನಿಂದ ಅಪ್ಪ ಹೋಗುತ್ತಾರೆ, ಹೇಳದಿದ್ದರೆ ನಾನು ಹೋಗುತ್ತೇನೆ.

ಆ ಹೆಂಗಸಿಗಾದರೂ ಉತ್ತರ ಕೊಡಬೇಕು ಎಂದು ಫೋನ್ ಮಾಡಿದೆ. ಎಪ್ಪತ್ತೇಳು ವರ್ಷವಂತೆ. ಗಟ್ಟಿ ದನಿ, ಅಂಗಳದ ಆಚೆಯವರನ್ನು ಕರೆಯುವ ಹಾಗೆ.

“ಬದುಕಿದಾನಾ?”

“ಇಲ್ಲಮ್ಮಾ. ಹತ್ತು ವರ್ಷ ಆಯ್ತು. ಹೃದಯ ನಿಂತುಹೋಯ್ತು.”

ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ— “ನನ್ನಿಂದಲ್ಲ, ಅಲ್ವಾ?”

“ಛೆ, ಇಲ್ಲ.”

“ಐವತ್ತಮೂರು ವರ್ಷ ಮಗಾ. ಎಲ್ಲಾದರೂ ಹಳ್ಳದಲ್ಲಿ ಬಿದ್ದು ಸತ್ತನೇನೋ ಅಂತ. ಹುಡುಕಲಿಲ್ಲ. ಹುಡುಕಿ ಸಿಕ್ಕಿಬಿಟ್ಟರೆ? ಇನ್ನೊಂದು ಮದುವೆನೂ ಆಗಲಿಲ್ಲ. ಸತ್ತಿದಾನೆ ಅಂತ ಕೋರ್ಟಿಗೆ ಬರ್ಕೊಡೋಕೆ ಧೈರ್ಯ ಇಲ್ಲ, ಬದುಕಿದಾನೆ ಅನ್ನೋಕೆ ಗುರುತಿಲ್ಲ.” ಕೆಮ್ಮಿದಳು. “ಮೂರನೇದು ತಾಗಿತಾ? ಅದೊಂದು ಗೊತ್ತಾಗಬೇಕು ನಂಗೆ. ನೀನು ಅವನಿಗೆ ಏನಾಗ್ಬೇಕು?”

ಹೇಳಿದೆ— ಅಳಿಯ ಎಂದು. ಹೆಗಲ ಕಲೆಯ ವಿಷಯ ನುಂಗಿಕೊಂಡೆ.

“ಮಗಳಿದಾಳೆ ಅನ್ನು,” ಎಂದಳು. ಪ್ರಶ್ನೆಯಲ್ಲ. “ಒಂದ್ಸಲ ಬಂದು ಆ ಟ್ರಕ್ ನೋಡ್ಲಾ?”

ಬನ್ನಿ ಎಂದುಬಿಟ್ಟೆ. ಯಾಕೆ ಎಂದೆ? ಗೊತ್ತಿಲ್ಲ. ಮಾರ್ಲಿಸ್‌ಗೆ ಇನ್ನೂ ತಿಳಿಯದ ಸಂಗತಿಗೆ ನಾನು ಅತಿಥಿಯನ್ನು ಕರೆದೆ.

ನವೆಂಬರ್ ೨, ಶನಿವಾರ

ಹೇಳಿದೆ. ಗ್ಯಾರೇಜಿನಲ್ಲಿ. ಪತ್ರ ಕೈಗೆ ಕೊಟ್ಟೆ.

ಓದಿದಳು. ಅಲ್ಲೇ ಟಯರ್ ಮೇಲೆ ಕೂತಳು. ಮತ್ತೆ ಓದಿದಳು.

“ಎಷ್ಟು ದಿನದಿಂದ ಗೊತ್ತು ನಿಂಗೆ?”

“ಹನ್ನೊಂದು.”

“ಹನ್ನೊಂದು ದಿನ ನನ್ನ ಕೈಯಡುಗೆ ತಿಂದಿದೀಯಾ.”

ಪತ್ರ ಮಡಿಸಿ ಮಡಿಲಲ್ಲಿಟ್ಟುಕೊಂಡಳು.

“ಡೈವೋರ್ಸ್ ಆಗಿತ್ತಾ ಅವರಿಗೆ?”

“ಕಾಗದ ಪತ್ರ ಏನೂ ಇಲ್ವಂತೆ.”

“ಹಾಗಾದ್ರೆ ನಮ್ಮಮ್ಮ ಏನು? ನಾನು ಏನು?” ಎಂದಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. ಅವಳ ಅಮ್ಮ ಓಪಲ್, ಪುಣ್ಯಾತ್ಮೆ, ಗಂಡನ ಪಕ್ಕದಲ್ಲೇ ಮಣ್ಣಾಗಿದ್ದಾರೆ, ಒಂದೇ ಕಲ್ಲಿನಡಿ. ಕಲ್ಲಿನ ಮೇಲೆ “ಪ್ರಿಯ ಪತ್ನಿ” ಎಂದಿದೆ.

ಆರ್ಡಿತ್ ಮುಂದಿನ ಶನಿವಾರ ಬರುತ್ತಾಳೆ ಎಂದೆ. ಹೋಟೆಲಿನಲ್ಲಿ ನೋಡಿ ಬರುತ್ತೇನೆ, ಬೇಕಾದರೆ ಬೇಡ ಎನ್ನುತ್ತೇನೆ ಎಂದೆ.

“ಬರ್ಲಿ. ಮನೆಗೇ ಬರ್ಲಿ. ಅವಳಿಗೆ ಏನು ಗೊತ್ತಾಗಬೇಕೋ ನಾನೇ ಹೇಳ್ತೀನಿ. ಅಪ್ಪನ ಹೆಗಲ ಕಲೆ ನಾನೂ ನೋಡಿದೀನಿ, ಗುಂಡು ತಾಗಿತ್ತು ಅಂತ ಹೇಳ್ತೀನಿ. ಎರಡು ವರ್ಷ ಎಡಗೈ ಮೇಲೆತ್ತೋಕೆ ಆಗ್ತಿರ್ಲಿಲ್ಲ ಅಂತ ಅಮ್ಮ ಹೇಳ್ತಿದ್ದಳಲ್ಲ, ಅದೂ ಹೇಳ್ತೀನಿ. ಅನುಭವಿಸಲಿ.”

ಸರಿ ಎನಿಸಿತು. ತಪ್ಪು ಎಂದೂ ಎನಿಸಿತು. ಯಾರ ಪರ ನಿಲ್ಲಬೇಕು ನಾನು? ಒಬ್ಬಳು ಗುಂಡು ಹೊಡೆದವಳು, ಒಬ್ಬ ಸತ್ತಿದ್ದಾನೆ, ಒಬ್ಬಳು ನನ್ನ ಹೆಂಡತಿ.

ನವೆಂಬರ್ ೩

ಮಾರ್ಲಿಸ್ ಚರ್ಚಿಗೆ ಬರಲಿಲ್ಲ. ಗಸ್ ಕೇಳಿದ— “ಟಾಪ್ ಇನ್ನೂ ನೇಣು ಹಾಕ್ಕೊಂಡೇ ಇದೆಯಾ?” ನಗು ಬರಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ನವೆಂಬರ್ ೯, ಶನಿವಾರ, ಸಂಜೆ ಐದು

ಆರ್ಡಿತ್ ಬಂದಳು, ಹೋದಳು. ಎಲ್ಲವನ್ನೂ ನಡೆದ ಹಾಗೆಯೇ ಬರೆಯಲು ನೋಡುತ್ತೇನೆ.

ಹನ್ನೊಂದೂಕಾಲಿಗೆ ಕಾರು ನಿಂತಿತು. ಅವಳ ತಂಗಿಯ ಮಗಳು ಓಡಿಸಿಕೊಂಡು ಬಂದಿದ್ದಳು, ಆ ಹುಡುಗಿ ಕಾರಿನಲ್ಲೇ ಉಳಿದಳು. ಆರ್ಡಿತ್ ಇಳಿದಳು. ಕುಳ್ಳಿ, ಗಂಡಸರ ಕೋಟು, ಕೈಯಲ್ಲೊಂದು ತಟ್ಟೆ, ಅದರಲ್ಲಿ ಮನೆಯಲ್ಲೇ ಬೇಯಿಸಿದ ಹಣ್ಣಿನ ಪೈ. ಗುಂಡು ಹೊಡೆಸಿಕೊಂಡವನ ಮನೆಗೆ ಪೈ ತಂದಿದ್ದಾಳೆ! ಮಾರ್ಲಿಸ್ ತಟ್ಟೆ ತೆಗೆದುಕೊಂಡಳು, ಎಲ್ಲಿಡಬೇಕೆಂದು ತಿಳಿಯದೆ ಗ್ಯಾರೇಜಿನ ಮೇಜಿನ ಮೇಲೆ, ತಗಡು ಉಜ್ಜುವ ಗ್ರೈಂಡರ್ ಪಕ್ಕದಲ್ಲಿಟ್ಟಳು.

ಟ್ರಕ್ ನೋಡಿ ಆರ್ಡಿತ್ ನಿಂತೇಬಿಟ್ಟಳು. “ಅಯ್ಯೋ, ತಲೆ ಎಲ್ಲಿ ಇದರದ್ದು?”

ಮೇಲೆ ತೋರಿಸಿದೆ. ಹಗ್ಗ ಸಡಿಲಿಸಿ, ಎದೆಯ ಮಟ್ಟಕ್ಕೆ ಇಳಿಸಿದೆ. ಅವಳು ಕೈಗವಸು ತೆಗೆದಳು. ಮೊದಲ ಚುಕ್ಕೆ ಮುಟ್ಟಿದಳು, ಎರಡನೆಯದು ಮುಟ್ಟಿದಳು. ಉಗುರಿನಿಂದ ಕೆರೆದಳು.

“ಚೆನ್ನಾಗಿ ಮುಚ್ಚಿದಾನೆ. ಬೆಸುಗೆ ನಮ್ಮಪ್ಪನೇ ಕಲಿಸಿದ್ದು ಅವನಿಗೆ.” ಮಾರ್ಲಿಸ್ ಕಡೆ ತಿರುಗಿದಳು. “ನಿನ್ನ ಗಲ್ಲ ಅವನದೇ ಕಣಮ್ಮಾ.”

ಮಾರ್ಲಿಸ್‌ಳ ಗಲ್ಲ ಬಿಗಿಯಾಯಿತು. “ಹೌದು. ಎಲ್ರೂ ಹೇಳ್ತಾರೆ.”

“ನಿನ್ನ ಜೊತೆ ಚೆನ್ನಾಗಿದ್ನಾ?”

“ತುಂಬಾ.”

“ಸರಿ.” ತಲೆಯಾಡಿಸಿದಳು. “ನನ್ನ ಜೊತೆನೂ ಹನ್ನೊಂದು ತಿಂಗಳು ಚೆನ್ನಾಗೇ ಇದ್ದ. ಅಪ್ಪ ಸತ್ತ ಮೇಲೆ ಬಾವಿ ಕೊರೆಯೋ ಯಂತ್ರ ಮಾರೋಣ ಅಂದ. ನಾನು ಒಲ್ಲೆ ಅಂದೆ. ಇಷ್ಟೇ ನೋಡು ಜಗಳ. ಇಷ್ಟಕ್ಕೇ ಅವನು ಹೊರಟ. ಇಷ್ಟಕ್ಕೇ ನಾನು ರೈಫಲ್ ತಂದೆ.” ಕೈಗವಸು ಹಾಕಿಕೊಳ್ಳುತ್ತಾ— “ಸಾಯಿಸೋಕೆ ಅಲ್ಲ. ನಿಲ್ಲಿಸೋಕೆ. ಎರಡಕ್ಕೂ ಒಂದೇ ಬಂದೂಕು, ಏನು ಮಾಡೋದು.”

ಹೊರಗೆ ಯಾರೋ ತರಗೆಲೆ ಗುಡಿಸುತ್ತಿದ್ದರು.

ಆಮೇಲೆ ಕೇಳಿದಳು. ನನ್ನನ್ನಲ್ಲ, ಮಾರ್ಲಿಸ್‌ಳನ್ನು. “ಮೂರನೇದು ತಾಗಿತ್ತಾ ಅವನಿಗೆ? ಮೈ ಮೇಲೆ ಗುರುತು ಏನಾದ್ರೂ ಇತ್ತಾ? ಇದ್ದದ್ದು ಇದ್ದ ಹಾಗೆ ಹೇಳು. ತಡ್ಕೋತೀನಿ.”

ವಾರವಿಡೀ ಮಾರ್ಲಿಸ್ ಕಾದಿದ್ದೇ ಇದಕ್ಕೆ. ನಾನು ಕಣ್ಣು ಕೆಳಗೆ ಹಾಕಿದೆ.

“ಇಲ್ಲ,” ಎಂದಳು ಮಾರ್ಲಿಸ್. “ಏನೂ ಇರ್ಲಿಲ್ಲ. ಅಪ್ಪನ ಬೆನ್ನು ಮಗುವಿನ ಬೆನ್ನಿನ ಹಾಗಿತ್ತು.”

ತಲೆಯೆತ್ತಿ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಆರ್ಡಿತ್ ಉಸಿರು ಬಿಟ್ಟಳು. ಸಮಾಧಾನವಾಯಿತೆಂದುಕೊಂಡೆ. ಆದರೆ ಮುಖದಲ್ಲಿ ಬೇರೇನೋ ಬಂದುಹೋಯಿತು— ಒಂದು ಥರದ ಸೋಲು. “ತಪ್ಪಿತಾ ಹಾಗಾದ್ರೆ,” ಎಂದಳು. “ಇಡೀ ತಾಲೂಕಿಗೇ ಒಳ್ಳೆ ಗುರಿಕಾರ್ತಿ ಅಂತಿದ್ರು ನನ್ನ.” ನಕ್ಕಳು. ನಗುತ್ತಲೇ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. “ಅಂದ್ರೆ ಅವನು ನೋವಿಲ್ಲದೇ, ಸುಮ್ಮನೇ ಹೋದ. ತಿರುಗಿ ಬರಬಹುದಿತ್ತು. ಬರಲಿಲ್ಲ. ಅಷ್ಟೇ.”

ಇದನ್ನು ನಾನು ಯೋಚಿಸಿರಲಿಲ್ಲ. ಮಾರ್ಲಿಸ್ ಯೋಚಿಸಿದ್ದಳೇ?

ಟ್ರಕ್ ಬೇಕಿದ್ದರೆ ಕೊಂಡೊಯ್ಯಿರಿ, ನಿಮ್ಮ ತಂದೆಯದು ಎಂದೆ. ಬೇಡ ಎಂದಳು. “ಕತ್ತರಿಸಿದ್ದೀಯಲ್ಲ, ಮುಗಿಸು. ಅರ್ಧಕ್ಕೆ ಬಿಡಬೇಡ.” ಕಾರಿಗೆ ಹೋಗುವಾಗ ಮಾರ್ಲಿಸ್ ಅವಳ ಮೊಳಕೈ ಹಿಡಿದು ಮೆಟ್ಟಿಲಿಳಿಸಿದಳು. ಇಬ್ಬರೂ ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ.

ನವೆಂಬರ್ ೧೦, ಭಾನುವಾರ

ಟಾಪನ್ನು ಅಡ್ಡಕ್ಕೆ ಸೀಳಿದೆವು. ಚುಕ್ಕೆಗಳ ಮುಂದೆ ನಾಲ್ಕು ಬೆರಳು ಬಿಟ್ಟು. ಗೆರೆ ಎಳೆದವಳು ಮಾರ್ಲಿಸ್. ಗಸ್ ನಡುವಿನ ತಗಡು ಹಿಡಿದ, ನಾನು ಬೆಸೆದೆ— ಇಲ್ಲೊಂದು ಬೆಸುಗೆ, ಅಲ್ಲೊಂದು ಬೆಸುಗೆ, ತಣಿಯಲು ಬಿಟ್ಟು ಮತ್ತೊಂದು. ಅವಸರ ಮಾಡಿದರೆ ತಗಡು ಸುಕ್ಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಂಬ ಕೂಡಿದವು.

ಗಸ್ ಹೋದ ಮೇಲೆ ಇಬ್ಬರೇ ಕ್ಯಾಬಿನೊಳಗೆ ಕೂತೆವು. ತಗ್ಗು. ನನ್ನ ಕೂದಲು ಮೇಲಿನ ತಗಡಿಗೆ ತಾಗುತ್ತದೆ. ಗಾಜಿಲ್ಲದ ಕಿಟಕಿ, ರಸ್ತೆ ಒಂದು ಪಟ್ಟಿಯ ಹಾಗೆ.

ಕೇಳಿಯೇಬಿಟ್ಟೆ. ನೀನು ನಿನ್ನೆ ಯಾಕೆ ಹಾಗೆ ಹೇಳಿದೆ, ಕಲೆ ಇರಲಿಲ್ಲ ಅಂತ? ಆರ್ಡಿತ್‌ಗೆ ಪಾಪಭಾರ ಇಳಿಯಲಿ ಎಂದೇ? ಅಥವಾ ಅಪ್ಪನ ಮೈಮೇಲೆ ಅವಳ ಗುರುತು ಇರಬಾರದು ಎಂದೇ?

ಮಾರ್ಲಿಸ್ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟಳು.

“ಬಾಯಿ ತೆಗೆದಾಗ ಇತ್ತು ಅಂತಲೇ ಹೇಳೋಕೆ ಹೊರಟಿದ್ದೆ, ರಾಯ್ಸ್. ದೇವರಾಣೆ. ಆದ್ರೆ ಅವಳು ತಡ್ಕೋತೀನಿ ಅಂದಳಲ್ಲ, ಆವಾಗ ನಂಗೆ ಅನ್ನಿಸ್ತು— ಐವತ್ತಮೂರು ವರ್ಷ ತಡ್ಕೊಂಡೇ ಇದ್ದಾಳಲ್ಲ, ಸಾಕು.”