ಪರದೆಯ ಮುಂದೆ ಗುಬ್ಬಿ

ಮನೆಯಿಂದ,
ಜೂನ್ ೧೪, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸುರಂಗದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಅಳತೆಯ ಕೆಲಸ ಹಿಡಿದರೆ ನಿನಗೆ ಊಟ, ನಿದ್ದೆ ಎರಡೂ ಬೇಡ, ಅದು ನನಗೆ ಗೊತ್ತು. ನಿನ್ನ ಕ್ಯಾಂಪಿಗೆ ನಾಲ್ಕು ದಿನದಿಂದ ಫೋನು ಸಿಗುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಮಗಳು ಗುಬ್ಬಿ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ಈಗ ಚೆನ್ನಾಗಿದ್ದಾಳೆ. ಈ ಮಾತನ್ನು ಇನ್ನೊಂದು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು.

ನಮ್ಮ ಶಾಲೆಯ ಮೈದಾನದಲ್ಲಿ ಹೊಸ ಕಟ್ಟಡ ಏಳುತ್ತಿದೆ. ಆಟದ ಪೀರಿಯಡ್ಡಿಗೆ ಜಾಗವೇ ಇಲ್ಲವೆಂದು ಹೆಡ್‌ಮೇಡಂ ಸಭಾಂಗಣಕ್ಕೆ ದೊಡ್ಡ ಪರದೆ, ಕ್ಯಾಮೆರಾ ಇರುವ ವಿಡಿಯೋ ಗೇಮ್ ತರಿಸಿದರು. ಕೂತು ಗುಂಡಿ ಒತ್ತುವ ಆಟವಲ್ಲ. ಮಗು ಹಾರಿದರೆ ಪರದೆಯ ಬೊಂಬೆಯೂ ಹಾರುತ್ತದೆ, ಬಗ್ಗಿದರೆ ಅದೂ ಬಗ್ಗುತ್ತದೆ. ಪಿ.ಟಿ. ಮೇಷ್ಟ್ರಾದ ನಾನೇ ಮೊದಲ ದಿನ ಮೂಗು ಮುರಿದೆ. ಆದರೆ ಓಟ ಅಂದರೆ ಹೊಟ್ಟೆನೋವು ತಂದುಕೊಳ್ಳುತ್ತಿದ್ದ, ಕ್ಲಾಸಿನವರೆಲ್ಲ ಆಮೆ ಅನ್ನುತ್ತಿದ್ದ ನಮ್ಮ ಗುಬ್ಬಿ ತಾನಾಗಿ ಕೈ ಎತ್ತಿ ಮುಂದೆ ಬಂದಳು. ಅಲ್ಲಿ ಅವಳನ್ನು ಹಿಂದೆ ಹಾಕುವವರು ಯಾರೂ ಇರಲಿಲ್ಲವಲ್ಲ! ಮನೆಗೆ ಬಂದರೂ ಅದೇ ಮಾತು, ಅದೇ ಕುಣಿತ.

ಗುರುವಾರ ಪರದೆಯ ಮೇಲೆ ಒಂದು ನದಿ. ದೋಣಿಗೆ ಹುಟ್ಟು ಹಾಕುತ್ತ, ಬಂಡೆ ಬಂದಾಗ ಹಾರಬೇಕು. ಗುಬ್ಬಿ ಎಲ್ಲರಿಗಿಂತ ದೂರ ಹೋದಳು. ಕ್ಲಾಸೆಲ್ಲ ಎದ್ದು ನಿಂತು ಅವಳಿಗಾಗಿ ಚಪ್ಪಾಳೆ ಹೊಡೆಯುತ್ತಿತ್ತು. ನಾನು ಪರದೆಯ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದೆ. ನೋಡನೋಡುತ್ತಲೇ ಅದು ಬಿಳಿಚಿಕೊಂಡಿತು. ತಕ್ಷಣ ಆಟ ನಿಲ್ಲಿಸಿ ಅವಳನ್ನು ಕೂರಿಸಿದೆ. ಬೇರೆ ಮಕ್ಕಳಾದರೆ ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಳ್ಳುತ್ತಾರೆ. ಇವಳ ಮಣಿಕಟ್ಟು ಹಿಡಿದರೆ ನಾಡಿ ಎಣಿಕೆಗೇ ಸಿಗಲಿಲ್ಲ, ಬೆರಳ ಕೆಳಗೆ ಬರೀ ನಡುಕ. ಏನಾಗ್ತಿದೆ ಮರಿ ಅಂತ ಕೇಳಿದೆ.

"ಓಡಿದಾಗೆಲ್ಲ ಹೀಗೇ ಆಗುತ್ತೆ ಮಾಮ. ಎಲ್ಲರಿಗೂ ಆಗುತ್ತೆ, ಅವರು ತಡ್ಕೋತಾರೆ ಅಂದ್ಕೊಂಡಿದ್ದೆ," ಅಂದಳು. ಅಷ್ಟು ಹೇಳಿ ನನ್ನ ತೊಡೆಯ ಮೇಲೆ ಕುಸಿದಳು.

ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಇಂಜೆಕ್ಷನ್ ಕೊಟ್ಟಮೇಲೆ ಎದೆಬಡಿತ ಹತೋಟಿಗೆ ಬಂತು. ಹೃದಯದಲ್ಲಿ ಹುಟ್ಟಿನಿಂದಲೇ ಕರೆಂಟು ಹರಿಯುವ ದಾರಿ ಒಂದು ಹೆಚ್ಚಿಗೆ ಇದೆಯಂತೆ. ಎದೆ ಕೊಯ್ಯುವುದಿಲ್ಲ, ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಬಿಟ್ಟು ಆ ದಾರಿಯನ್ನು ಸುಟ್ಟುಹಾಕುತ್ತಾರೆ. ಅದಾದಮೇಲೆ ಎಷ್ಟು ಬೇಕಾದರೂ ಓಡಲಿ ಅಂದರು ಡಾಕ್ಟರಮ್ಮ. ಅವಸರವಿಲ್ಲ, ದಿನ ಗೊತ್ತುಮಾಡೋಣ ಎಂದು ಮರುದಿನ ಮನೆಗೆ ಕಳಿಸಿದರು. ಎಷ್ಟು ವರ್ಷದಿಂದ ಆ ಮಗುವನ್ನು ನಾವೆಲ್ಲ ಸೋಮಾರಿ ಅಂದುಕೊಂಡಿದ್ದೆವು, ನೋಡು.

ನಿನ್ನೆ ಪೋಷಕರ ಸಭೆ. ವಿಡಿಯೋ ಗೇಮ್ ಆಡಿಸಿ ಮಗುವನ್ನು ಬೀಳಿಸಿದರು ಅಂತ ಊರೆಲ್ಲ ಸುದ್ದಿ. ಮನೆಯಲ್ಲಿ ಮೊಬೈಲು ಬಿಡಿಸಲು ನಾವು ಒದ್ದಾಡುತ್ತಿದ್ದರೆ ಶಾಲೆಯಲ್ಲೇ ಹುಚ್ಚು ಹಿಡಿಸುತ್ತೀರಾ ಎಂದು ಒಬ್ಬರು ಮೇಜು ಕುಟ್ಟಿದರು. ಬಿದ್ದವಳು ನನ್ನ ಅಕ್ಕನ ಮಗಳು ಅಂದೆ. ಮೈದಾನದಲ್ಲಾಗಿದ್ದರೆ ನಲವತ್ತು ಮಕ್ಕಳ ನಡುವೆ ಬೆನ್ನು ತಿರುಗಿಸಿ ಓಡುತ್ತಿದ್ದಳು, ಇಲ್ಲಿ ಅವಳ ಮುಖ ಕಂಡಿತು ಅಂದೆ. ಆಮೇಲೆ ಮೇಜು ಕುಟ್ಟಿದವರೇ ಮೆಲ್ಲಗೆ ಕೇಳಿದರು: "ನನ್ನ ಮಗನೂ ಓಡಲ್ಲ ಅಂತ ಹಟ ಮಾಡ್ತಾನೆ ಮೇಷ್ಟ್ರೇ. ಅವನನ್ನೂ ತೋರಿಸಬೇಕಾ?" ಎಲ್ಲ ಮಕ್ಕಳನ್ನೂ ಡಾಕ್ಟರು ನೋಡಿದ ಮೇಲೇ ಆಟ, ಅಲ್ಲಿಯವರೆಗೆ ಸಭಾಂಗಣಕ್ಕೆ ಬೀಗ ಅಂತ ಹೆಡ್‌ಮೇಡಂ ತೀರ್ಮಾನಿಸಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಕಡೆ ನಿಗಾ ಇರಲಿ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ.

ಇಂತಿ,
ನಿನ್ನ ತಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ, ಆಸ್ಪತ್ರೆಯಿಂದ. ಹಲ್ಲುಜ್ಜುತ್ತಿದ್ದಾಗ ಅದೇ ಎದೆಬಡಿತ ಮತ್ತೆ ಬಂತು ಅಕ್ಕಾ, ಆಟವಿಲ್ಲ, ಓಟವಿಲ್ಲ. ಇನ್ನು ತಡಮಾಡುವ ಹಾಗಿಲ್ಲ, ಬುಧವಾರವೇ ತಂತಿ ಬಿಟ್ಟು ಆ ದಾರಿ ಸುಡುತ್ತಾರಂತೆ. ಸಹಿ ನಾನು ಹಾಕುತ್ತೇನೆ, ಅದರ ಯೋಚನೆ ಬೇಡ. ಆದರೆ ಇವಳು ಸೂಜಿ ಚುಚ್ಚಲು ಯಾರಿಗೂ ಕೈ ಚಾಚುತ್ತಿಲ್ಲ, ಅಮ್ಮ ಬರಲಿ ಅಂತ ಮುಖ ತಿರುಗಿಸಿ ಮಲಗಿದ್ದಾಳೆ. ಕಾಗದ ತಂದವನು ನಿಮ್ಮ ಕ್ಯಾಂಪಿನ ದಿನಸಿ ಲಾರಿಯ ಡ್ರೈವರು. ನಿನ್ನನ್ನು ಹತ್ತಿಸಿಕೊಳ್ಳದೆ ವಾಪಸು ಹೊರಡುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ. ಉಟ್ಟ ಬಟ್ಟೆಯಲ್ಲೇ ಹೊರಡು.