ಈ ಸಲ ದೇವರು ಹಿಡಿದವರು

ಯಂಕಂಚಿ
ಮೊಹರಮ್ ಮುಗಿದ ಮರುದಿನ

ಮುದ್ದೇಬಿಹಾಳದ ಮಗಳ ಮನೆಯಲ್ಲಿ ಸಿಟ್ಟು ಮಾಡಿಕೊಂಡು ಕುಳಿತಿರುವ ಜನ್ನತಬಿ ಆಯಿಗೆ, ಗುರಣ್ಣನ ಮಗ ಚೇತನಕುಮಾರನ ಸಲಾಮು ಮತ್ತು ಶರಣು.

ಎರಡನ್ನೂ ಬರೆದಿದ್ದೇನೆ, ಯಾವುದು ಬೇಕೋ ಇಟ್ಟುಕೋ. ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ, ಕಿರುಚಿದರೆ ಊರಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಈ ಕಾಗದ. ನಿನ್ನ ಮೊಮ್ಮಗಳು ಗುಲನಾಜ ಓದಿ ಹೇಳಲಿ. ನಡುವೆ ನಗಬಾರದು.

ನೀನು ಬಸ್ಸಿನ ಕಿಟಕಿಯಿಂದ ಹೇಳಿದ್ದು ನೆನಪಿದೆ. “ಅಲಾಯಿ ದೇವರ ಬಾಯಾಗ ಇವರು ವೋಟು ತುರುಕಿದರ, ನಾ ಮತ್ತ ಈ ಊರಿಗೆ ಕಾಲಿಡೂದಿಲ್ಲ!” ಪಂಚಾಯಿತಿ ಚುನಾವಣೆಗೆ ನಿಂತ ರಾವಸಾಬನೂ ಕುತುಬುದ್ದೀನನೂ ದೇವರ ಲೋಹದ ಹಸ್ತಕ್ಕೆ, ನಮ್ಮ ಪಂಜಾಕ್ಕೆ, ಸುತ್ತಲು ತಂತಮ್ಮ ಗುಂಪಿನ ಬಣ್ಣದ ರೇಷ್ಮೆ ತಂದು, ನಿನ್ನ ಕಟ್ಟೆಯ ಮೇಲೆ ಜಗಳಾಡಿದ ದಿನ ಅದು. ನಿಮ್ಮ ಮನೆತನ ಕಾಯುತ್ತ ಬಂದ ದೇವರ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗೆ ಹಾಕಿ, “ಸುಳ್ಳು ಹೇಳಿದವ ಈ ಕೀಲಿ ಮುಟ್ಟಬಾರದು, ದೇವರೂ ಹಿಡೀಬಾರದು. ಊರಾಗ ನೀ ಒಬ್ಬನ ಉಳದಿ” ಎಂದೆ. ಅದು ಹೊಗಳಿಕೆ ಎಂದು ಆಗ ತಿಳಿದಿದ್ದೆ.

ಅಪ್ಪನ ವಿಷಯ ಮೊದಲು. ಪ್ರತಿ ವರ್ಷ ಪಂಜಾ ಹಿಡಿದು ಮಳೆ ಬೆಳೆಯ ಹೇಳಿಕೆ ಕೊಡುವವನು ಅವನೇ ತಾನೆ? ನೀನು ಹೋದ ಮರುದಿನ ಬೆಳಗ್ಗೆ ರಾವಸಾಬ ಬಂದು, “ಗುರಣ್ಣಾ, ಹೇಳಿಕಿಯೊಳಗ ನನ್ನ ಹೆಸರು ಬರ್ಲಿ” ಅಂದ. ಮಧ್ಯಾಹ್ನ ಕುತುಬುದ್ದೀನ ಬಂದು ಅದನ್ನೇ ಹೇಳಿದ. ಚಹಾ ಕೂಡ ಅದೇ ಕಪ್ಪಿನಲ್ಲಿ ಕುಡಿದ. ಸಂಜೆ ಹೊತ್ತಿಗೆ ಅಪ್ಪನ ಮೊಣಕಾಲು ಹಿಡಿದುಕೊಂಡಿತು. ವಿಚಾರಿಸಲು ಬಂದವರಿಗೆಲ್ಲ ನಾನು, “ಮೊಣಕಾಲು ಚಲೋ ಐತ್ರಿ. ಅಂಜ್ಯಾನ, ಅಷ್ಟ” ಎಂದೆ. ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವ್ವನ ಮೂಲಕ ಬೈಯುತ್ತಾನೆ.

ಹೀಗೆ ದೇವರು ನನ್ನ ಕೈಗೆ ಬಂತು. ಹತ್ತನೇ ಇಯತ್ತೆಯ ಗಣಿತ ಪರೀಕ್ಷೆಯಲ್ಲಿ ಎಲ್ಲರೂ ಚೀಟಿ ನೋಡಿ ಬರೆಯುವಾಗ ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಎಂದು ಬರೆದು ಶಾಲೆಯಿಂದ ಹೊರಬಿದ್ದವನು ನಾನು. ಇಂಡಿ ಪಟ್ಟಣದ ನಿಂಬೆಹಣ್ಣಿನ ಪೇಟೆಯಲ್ಲೂ ನಿಲ್ಲಲಿಲ್ಲ, ಸಿಂದಗಿಯ ಗ್ಯಾರೇಜಿನಲ್ಲೂ ನಿಲ್ಲಲಿಲ್ಲ. ಹಣ್ಣಿನಲ್ಲಿ ರಸವಿಲ್ಲ ಎಂದು ಗಿರಾಕಿಗೆ ನಾನೇ ಹೇಳಿಬಿಡುತ್ತಿದ್ದೆ. ಅಂಥವನ ಬಳಿ ಊರು ಭವಿಷ್ಯ ಕೇಳಲು ನಿಂತಿತು.

ನಿನ್ನೆ ನಾನು, ನೀನು ಮಡಚಿಟ್ಟಿದ್ದ ಹಳೆಯ ಬಿಳಿ ಬಟ್ಟೆಯನ್ನೇ ಪಂಜಾಕ್ಕೆ ಸುತ್ತಿದೆ. ಊದಿನ ಹೊಗೆ, ಹಲಗೆಯ ಸದ್ದು. ಎಡಕ್ಕೆ ರಾವಸಾಬ, ಬಲಕ್ಕೆ ಕುತುಬುದ್ದೀನ. ಇಬ್ಬರ ಕಣ್ಣೂ ನನ್ನ ಬಾಯಿಯ ಮೇಲೆ. ಮೈಯಲ್ಲಿ ಏನಾದರೂ ಬರುತ್ತದೆಂದು ಕಾದೆ. ಬೆವರು ಬಂತು.

“ಹೇಳಿಕಿ ಆಗ್ಲಿ!” ಎಂದು ಜನ ಕೂಗಿದರು.

“ನನ್ನ ಮೈಯಾಗ ಯಾರೂ ಬಂದಿಲ್ರಿ.”

“ಯಾರು ಆರಿಸಿ ಬರ್ತಾರ, ಅದನ್ನರ ಹೇಳಲೇ!”

“ಗೊತ್ತಿಲ್ರಿ.”

“ಮಳಿ?”

“ಅದೂ ಗೊತ್ತಿಲ್ಲ.”

ಹಲಗೆ ನಿಂತಿತು. ಹಿಂದಿನಿಂದ ಯಾರೋ, “ಮತ್ತ ಗಣಿತದ ಪೇಪರ್ ಬರಿಯಾಕತ್ತಾನಲೇ!” ಎಂದರು. ನನಗೆ ಕುತುಬುದ್ದೀನ ಕಲಿಸಿಕೊಟ್ಟಿದ್ದಾನೆ ಎಂದು ರಾವಸಾಬನ ಕಡೆಯವರು ಕೂಗಿದರು, ರಾವಸಾಬನೇ ಕಲಿಸಿದ್ದು ಎಂದು ಕುತುಬುದ್ದೀನನ ಕಡೆಯವರು. ಕೈಗಳು ಅಂಗಿಯ ಕೊರಳಿಗೆ ಹೋದವು. ಆಗ ನಾನು, “ಕೈ ಸೋತಾವ್ರಿ! ದೇವರು ಬೀಳಾಕತ್ತೈತಿ!” ಎಂದು ಕೂಗಿ ಹಿಡಿತ ಸಡಿಲಿಸಿದೆ.

ಪಂಜಾ ನೆಲಕ್ಕೆ ತಾಗಬಾರದಲ್ಲ, ಇಬ್ಬರೂ ಒಟ್ಟಿಗೆ ಹಿಡಿದರು. ಒಮ್ಮೆ ಹಿಡಿದವರು ಹಳ್ಳ ಮುಟ್ಟುವ ತನಕ ಬಿಡಬಾರದು, ತುಟಿ ಬಿಚ್ಚಬಾರದು ಎಂಬುದು ನಿಮ್ಮ ಮನೆತನವೇ ಹಾಕಿದ ಕಟ್ಟಳೆ. ಮೊದಲು ಬಿಟ್ಟವನ ವೋಟು ಅಲ್ಲೇ ಹೋದಂತೆ.

ನೀನು ನೋಡಬೇಕಿತ್ತು, ಆಯಿ. ರಾವಸಾಬ ಉದ್ದ, ಕುತುಬುದ್ದೀನ ಗಿಡ್ಡ. ದೇವರು ವಾಲಬಾರದೆಂದು ಅವನು ಬಗ್ಗಿ ನಡೆದ, ಇವನು ತುದಿಗಾಲಿನಲ್ಲಿ ನಡೆದ. ರಾವಸಾಬನ ಧೋತರ ಜಾರಿದಾಗ ಕುತುಬುದ್ದೀನನೇ ಇನ್ನೊಂದು ಕೈಯಿಂದ ಹಿಡಿದುಕೊಂಡ. ಜಾಲಿಮುಳ್ಳು ಚುಚ್ಚಿದರೂ ಇಬ್ಬರ ಬಾಯಿಂದ ಹಾಯ್ ಎಂಬ ಶಬ್ದವಿಲ್ಲ. ಮೈಕಿಲ್ಲ, ಜೈಕಾರವಿಲ್ಲ. ಖಾಲಿ ಕೈಯಲ್ಲಿ ಅವರ ಹಿಂದೆ ನಡೆಯುತ್ತಿದ್ದಾಗ, ದೇವರು ಹಿಡಿದಾಗ ಬಾರದ್ದು ಆಗ ಬಂತು. ಎದೆಯೊಳಗೆ ಒಂಥರ ತಂಪು. ಆರಿಸಿ ಬರುವವರು ಬರುತ್ತಾರೆ, ಹೋಗುತ್ತಾರೆ. ಇದನ್ನು ಮಾತ್ರ ಯಾರಾದರೂ ಹೊರುತ್ತಲೇ ಇರಬೇಕು ಅನ್ನಿಸಿತು. ಅದು ದೇವರೋ ಹಸಿವೋ ಖಚಿತವಾಗಿ ಹೇಳಲಾರೆ. ಬೆಳಗಿನಿಂದ ಉಪವಾಸವಿದ್ದೆ.

ಹಳ್ಳದಲ್ಲಿ ಪಂಜಾ ತೊಳೆದ ಮೇಲೆ ಇಬ್ಬರೂ ಮತ್ತೆ ಬೈದಾಡಿದರು. ಯಾರು ಹೆಚ್ಚು ಭಾರ ಹೊತ್ತರು ಎಂಬುದಕ್ಕೆ. ಆದರೆ ದೇವರ ಬಾಯಿಂದ ವೋಟಿನ ಮಾತು ಬರಲಿಲ್ಲ, ಆಯಿ. ಪಂಜಾ ಈಗ ಪೆಟ್ಟಿಗೆಯಲ್ಲಿದೆ. ನಿನ್ನಂತೆ ಮಡಚಲು ಯಾರಿಗೂ ಬಾರದೆ ಬಟ್ಟೆಯ ಅಂಚು ಹೊರಗೆ ಇಣುಕುತ್ತಿದೆ. ಇನ್ನು ಬಾ.

ಇಂತಿ,
ನಿನ್ನ ಕೀಲಿ ಕಾಯುತ್ತಿರುವ
ಚೇತನಕುಮಾರ

ತಾ.ಕ.: ಗುಲನಾಜ, ಇದನ್ನು ನಿಧಾನವಾಗಿ ಓದು. ಆಯಿ, ನನ್ನ ಕೈ ಸೋತಿರಲಿಲ್ಲ. ಗ್ಯಾರೇಜಿನಲ್ಲಿ ಲಾರಿಯ ಗಾಲಿ ಎತ್ತಿದ ಕೈ ಅವು. ನಿನ್ನ ಮಾತಿನ ಪ್ರಕಾರ ನಾನಿನ್ನು ದೇವರು ಹಿಡಿಯುವಂತಿಲ್ಲ, ಕೀಲಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಟಪಾಲಿನಲ್ಲಿ ಕಳಿಸುವುದಿಲ್ಲ. ನೀನೇ ಬಂದು ಇಸಿದುಕೋ.