ಕಂಚಿನ ಮುದುಕಿಯ ಮಫ್ಲರ್

ಅಮ್ಮಾ,

ಕೆಟ್ಟ ಕನಸು ಬಿತ್ತು. ಗುಡ್ಡದ ಮೇಲೆ ಪ್ರತಿಮೆಯಾಗಿ ನಿಂತಿರೋ ಕಂಚಿನ ಮುದುಕಿ ನಮ್ಮ ಬಾಗಿಲಿಗೆ ಬಂದು, ಕುತ್ತಿಗೆ ಸವರಿಕೊಳ್ಳುತ್ತಾ, "ನನ್ನ ಮಫ್ಲರ್ ಎಲ್ಲೇ?" ಅಂತ ಕೇಳಿದಳು. ಟೀ ಕೂಡ ಕುಡಿಯದೆ ಗುಡ್ಡ ಹತ್ತಿದೆ.

ಕಂಚಾದರೇನು, ಯಾರ್ಕ್‌ಷೈರ್ ಗಾಳಿ ಯಾರನ್ನೂ ಬಿಡಲ್ಲ ಅಂತ ನೀನು ಪ್ರತಿ ಚಳಿಗಾಲ ಅವಳಿಗೊಂದು ಮಫ್ಲರ್ ಹೆಣೆದು ಕಟ್ಟುತ್ತಿದ್ದೆಯಲ್ಲ. ನೀನು ತೀರಿಕೊಂಡ ಮೇಲೆ ಈ ಸಲ ನಾನೇ ಹೆಣೆದು ಕಟ್ಟಿದ್ದೆ. ನೋಡಿದರೆ ಕೌನ್ಸಿಲ್ಲಿನ ಪೆಟಿಗ್ರೂ ಅದನ್ನ ಕತ್ತರಿಸಿ ಕೆಸರಿಗೆ ಎಸೀತಿದ್ದಾನೆ!

"ಏನ್ರೀ ಇದು?" ಅಂದೆ.

"ಒದ್ದೆ ಉಣ್ಣೆ ಕಂಚನ್ನ ಕೆಡಿಸುತ್ತೆ, ಮಿಸೆಸ್ ಥ್ರೇಲ್. ಕಿವಿ ಕೆಳಗೆ ಹೆಂಗೆ ಹಸಿರುಗಟ್ಟಿದೆ ನೋಡಿ. ಶನಿವಾರ ಉಜ್ಜಿಸ್ತೀನಿ. ಬಿಟ್ರೆ ನಾಳೆ ಚಡ್ಡಿನೂ ತೊಡಿಸ್ತೀರಿ."

"ಅವಳಿಗೆ ಚಳಿ ಆಗಲ್ಲ ಅಂತೀರಾ? ಹಂಗಾದ್ರೆ ನಿಮ್ಮ ಕೋಟು ಬಿಚ್ಚಿ ನಿಂತ್ಕೊಳ್ಳಿ, ನೋಡೋಣ!"

ಆ ಹಸಿರು ಒಂದು ವರ್ಷದ್ದಲ್ಲಮ್ಮ. ವರ್ಷವರ್ಷವೂ ನೀನು ಗಂಟು ಹಾಕಿದ ಜಾಗ ಅದು. ಅದನ್ನ ಉಜ್ಜೋಕೆ ಇವನ್ಯಾರು? ದಾರೀಲಿ ಹೋಗೋರೆಲ್ಲ ಪುಕ್ಕಟೆ ನೋಡಲಿ ಅಂತ ನಿಲ್ಲಿಸಿದ ಮುದುಕಿ ಇವನಪ್ಪನ ಆಸ್ತಿಯೇ? ಗುರುವಾರ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಕೇಳೇ ಕೇಳ್ತೀನಿ. ಸ್ಕೂಲು ಅರ್ಧಕ್ಕೆ ಬಿಟ್ಟವಳು, ನಾಲಗೆ ತೊದಲಿದರೆ ತೊದಲಲಿ. ಆ ಗುರುತು ನಮ್ಮಮ್ಮಂದು ಅಂತೀನಿ.

ಒಂದೇ ಹೆದರಿಕೆ. ಗುರುತಿರೋದು ಎಡಗಿವಿಯ ಕೆಳಗೆ. ನೀನು ಎಡಕ್ಕೇ ಗಂಟು ಹಾಕ್ತಿದ್ದೆ ತಾನೇ? ಪ್ರತಿ ಸಲವೂ "ನೀನೂ ಬಾರೇ" ಅಂತ ಕರೀತಿದ್ದೆ. ನಾನು ಒಂದು ಸಲವೂ ಬಂದು ನೋಡಲಿಲ್ಲ. ನೆನಪು ಮಾಡಿಕೊಂಡು, ಕನಸಲ್ಲಾದ್ರೂ ಬಂದು ಹೇಳಮ್ಮ, ಎಡಕ್ಕೇ ತಾನೇ?